ಹೊಂಗೆ ಮರದ ಭಾನುವಾರಗಳು: ಒಂಬತ್ತನೇ ವಾರ

ಭಾನುವಾರ ಬೆಳಿಗ್ಗೆ ಫೋನು ಒಳಗಿಟ್ಟು, ಕಾಫಿ ಲೋಟ ಹಿಡಿದು, ಮನೆ ಎದುರಿನ ಹೊಂಗೆ ಮರವನ್ನು ಅರ್ಧ ಗಂಟೆ ನೋಡುವುದು. ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡುವುದು. 2025ರ ಫೆಬ್ರವರಿ 16ಕ್ಕೆ ಶುರು ಮಾಡಿದ್ದು ಇಷ್ಟೇ. ಇವತ್ತು ಏಪ್ರಿಲ್ 13.

ಮೊದಲ ಎರಡು ವಾರ ಎಲೆ ಹಳದಿಯಾಗಿ ಉದುರುತ್ತಿತ್ತು. ಹಳೇ ಕಾಯಿಗಳು ಒಣಗಿ ನೇತಾಡುತ್ತಿದ್ದವು. ಒಂದನ್ನು ಒಡೆದೆ. ಚಪ್ಪಟೆ ಸಿಪ್ಪೆ, ಒಳಗೆ ಒಂದೇ ಕಂದು ಬೀಜ. "ಬಿಸಾಕ್ಬೇಡ ಕಣಮ್ಮಾ, ನಾವು ಚಿಕ್ಕೋರಿದ್ದಾಗ ಇದನ್ನ ಆರಿಸಿ ಗಾಣಕ್ಕೆ ಕೊಡ್ತಿದ್ವಿ. ಮನೆ ದೀಪಕ್ಕೆ ಇದೇ ಎಣ್ಣೆ, ಹಿಂಡಿ ತೋಟಕ್ಕೆ" ಅಂದರು ಪಕ್ಕದ ಮನೆ ಅಜ್ಜಿ. ಅವತ್ತು ಮಾತು ಮುಗಿಯುವಾಗ ಅರ್ಧ ಗಂಟೆ ಹೋಗಿ ಒಂದೂವರೆ ಗಂಟೆ ಕಳೆದಿತ್ತು.

ಮಾರ್ಚ್ 9ಕ್ಕೆ ಚಿಗುರು. ಎಣ್ಣೆ ಸವರಿದ ಹಾಗೆ ಮಿನುಗುವ ತಿಳಿ ಹಸಿರು. ಒಂದು ಕಡ್ಡಿಗೆ 5 ಇಲ್ಲವೇ 7 ಎಲೆ, ತುದಿಯಲ್ಲಿ ಒಂಟಿ ಎಲೆ. ನಿಜಕ್ಕೂ ಆ ಇಡೀ ಕಡ್ಡಿಯೇ ಒಂದು ಎಲೆಯಂತೆ! ಅದಕ್ಕೆ ಗುರುತು, ಮೊಗ್ಗು ಕೂರುವುದು ಕಡ್ಡಿಯ ಬುಡದಲ್ಲಿ ಮಾತ್ರ, ಒಂದೊಂದು ಎಲೆಯ ಬುಡದಲ್ಲಿ ಅಲ್ಲ. ಇಷ್ಟು ವರ್ಷ ಇದೇ ಮರದ ಕೆಳಗೆ ಓಡಾಡಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ.

ಮಾರ್ಚ್ 16, ಊರಿಗೆ ಹೋಗಿದ್ದೆ. ವಾಪಸು ಬಂದಾಗ ಕೆಳಗಿನ ಒಂದು ಕೊಂಬೆ ಇರಲಿಲ್ಲ. ಕರೆಂಟ್ ತಂತಿಗೆ ತಾಗುತ್ತೆ ಅಂತ ಕಡಿದಿದ್ದರು. ಆ ವಾರ ಏನೂ ಬರೆಯಲಿಲ್ಲ.

ಮಾರ್ಚ್ 30, ಯುಗಾದಿ. ಹಬ್ಬ ಭಾನುವಾರವೇ ಬಂತು, ಮರ ಹೂವಿಗೆ ಬಂತು. ಬಿಳಿಗೆ ಸ್ವಲ್ಪ ನೇರಳೆ ಬೆರೆಸಿದ ಬಣ್ಣ. ಥೇಟ್ ಅವರೆ ಹೂವಿನ ಆಕಾರ, ಹೊಂಗೆಯೂ ಅದೇ ಕುಟುಂಬದ್ದು ಅಲ್ವಾ. ಆರೂವರೆಗೇ ಜೇನುಹುಳ ಗುಂಯ್ ಅನ್ನುತ್ತಿದ್ದವು. ದಪ್ಪ ಕಪ್ಪು ದುಂಬಿ ಬಂದು ಕೂತರೆ ಗೊಂಚಲೇ ಕೆಳಕ್ಕೆ ಬಾಗುತ್ತೆ, ಅದು ಹಾರಿದ ಕೂಡಲೇ ಮತ್ತೆ ಮೇಲಕ್ಕೆ. ಅಮ್ಮ ರಂಗೋಲಿಗೆ ಅಂತ ಗುಡಿಸಿ ಒಳಗೆ ಹೋಗಿ ಬರುವಷ್ಟರಲ್ಲಿ ಅಂಗಳದ ತುಂಬ ಮತ್ತೆ ಹೂವು, ಮಂಡಕ್ಕಿ ಚೆಲ್ಲಿದ ಹಾಗೆ. ಎರಡನೇ ಸಲ ಅವರು ಗುಡಿಸಲಿಲ್ಲ. ಹೂವಿನ ಪಕ್ಕದಲ್ಲೇ ರಂಗೋಲಿ ಇಟ್ಟರು. ಈ ಪುಸ್ತಕದಲ್ಲಿ ನನಗೆ ಜಾಸ್ತಿ ಇಷ್ಟವಾದ ಪುಟ ಇದು.

ಇವತ್ತು ಕೆಲವು ಎಲೆಗಳ ಮೇಲೆ ಸಣ್ಣ ಸಣ್ಣ ಗಂಟು ಕಂಡು ಗಾಬರಿಯಾಯಿತು. ಓದಿ ನೋಡಿದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳು ಎಲೆಯಿಂದಲೇ ಕಟ್ಟಿಸಿಕೊಂಡ ಮನೆಗಳವು. ಹೊಂಗೆಯಲ್ಲಿ ಇದು ತುಂಬಾ ಸಾಮಾನ್ಯ, ಮರ ಸಾಯುವುದಿಲ್ಲ. ಸಮಾಧಾನವಾಯಿತು.

ಅಜ್ಜಿ ಕೊಟ್ಟ 6 ಬೀಜ ಹೋದ ವಾರ ಕುಂಡದಲ್ಲಿ ಹಾಕಿದ್ದೆ, ಇನ್ನೂ ಮೊಳೆತಿಲ್ಲ. ಕೈಗೆಟುಕುವ ಒಂದು ಗೊಂಚಲಿಗೆ ಕೆಂಪು ದಾರ ಕಟ್ಟಿದ್ದೇನೆ. ಎಣಿಸಿದರೆ 43 ಹೂವು. ಇಷ್ಟರಲ್ಲಿ ಎಷ್ಟು ಕಾಯಿ ಆಗುತ್ತೆ ನೋಡಬೇಕು. ಐದಕ್ಕಿಂತ ಜಾಸ್ತಿ ಆಗಲ್ಲ ಅಂತಾರೆ ಅಜ್ಜಿ. ನಾನು ಹತ್ತು ಅಂದಿದ್ದೇನೆ.