‘ನಾಯ್ಸ್’ ಅಂತ ಬರೆದು ಕೆಟ್ಟೆ

ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ಫೋನ್ ತೆಗೆದುಕೊಳ್ಳುವುದು ನನ್ನ ಕೆಲಸ. ರೈತರು ಹೇಳಿದ್ದನ್ನು ಕಂಪ್ಯೂಟರ್‌ನಲ್ಲಿ ಇಂಗ್ಲಿಷ್‌ನಲ್ಲಿ ಬರೆಯಬೇಕು. ಅದನ್ನು ನೋಡಿಕೊಂಡು ಮೆಕ್ಯಾನಿಕ್ ಸಾಮಾನು ತುಂಬಿಕೊಂಡು ಹೊರಡುತ್ತಾರೆ.

ಸೇರಿದ ಹೊಸದು. ಹಾವೇರಿ ಕಡೆ ವರದಾ ನದಿ ದಂಡೆಯ ಹೊಲದಿಂದ ಒಬ್ಬರು ಫೋನ್ ಮಾಡಿದರು. “ಅಕ್ಕಾರ, ಮೋಟಾರ್ ಗುಂಯ್ ಅನ್ನಾಕತ್ತೈತ್ರಿ, ತಿರುಗವಲ್ದು.” ಗುಂಯ್‌ಗೆ ಇಂಗ್ಲಿಷ್ ಏನು? ಹೊಳೆಯಲಿಲ್ಲ. ‘ನಾಯ್ಸ್’ ಅಂತ ಒತ್ತಿ ಮುಂದಿನ ಫೋನ್ ಎತ್ತಿದೆ. ‘ತಿರುಗವಲ್ದು’ ಅನ್ನುವುದನ್ನಂತೂ ಬರೆಯಲೇ ಇಲ್ಲ.

ಅದನ್ನು ಓದಿ ಮೆಕ್ಯಾನಿಕ್ ಬೇರಿಂಗ್, ಅದನ್ನು ಕೀಳುವ ಪುಲ್ಲರ್ ಹಿಡಿದುಕೊಂಡು ಅಷ್ಟು ದೂರ ಹೋದರು. ಬೇರಿಂಗ್ ಚೆನ್ನಾಗಿಯೇ ಇತ್ತು. ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಒಂದು ಫ್ಯೂಸ್ ಹೋಗಿತ್ತು, ಮೂರು ಫೇಸ್‌ನಲ್ಲಿ ಎರಡೇ ಬರುತ್ತಿದ್ದವು. ಹಾಗಾದಾಗ ನಿಂತ ಮೋಟಾರ್ ತಾನಾಗಿ ತಿರುಗುವುದಿಲ್ಲ. ಕರೆಂಟ್ ಮಾತ್ರ ಸಿಕ್ಕಾಪಟ್ಟೆ ಎಳೆಯುತ್ತದೆ, ಗುಂಯ್‌ಗುಡುತ್ತದೆ, ಕಾಯುತ್ತದೆ. ಕರೆಂಟ್ ಹೆಚ್ಚಾದರೆ ಮೋಟಾರ್ ಬಂದ್ ಮಾಡುವ ಸ್ಟಾರ್ಟರ್‌ನ ರಿಲೇಯನ್ನು ಯಾರೋ ಮೊದಲೇ ಬೈಪಾಸ್ ಮಾಡಿದ್ದರು (ಇದು ನಮ್ಮ ಕಡೆ ಹೊಸದೇನಲ್ಲ). ಮೆಕ್ಯಾನಿಕ್ ಬರುವಷ್ಟರಲ್ಲಿ ಪಾಪ, ಆ ರೈತರು ನಾಲ್ಕೈದು ಸಲ ಚಾಲೂ ಮಾಡಿ ನೋಡಿದ್ದರು. ಮೋಟಾರಿನೊಳಗಿನ ತಂತಿಯ ಸುತ್ತು, ಅಂದರೆ ವೈಂಡಿಂಗ್, ಸುಟ್ಟು ಕರ್ರಗಾಗಿತ್ತು.

ಸಂಜೆ ಮೆಕ್ಯಾನಿಕ್ ಬಂದು ನನ್ನ ಟೇಬಲ್ ಮುಂದೆ ನಿಂತರು. ಬೈಯಲಿಲ್ಲ. “ತಂಗಿ, ಬೇರಿಂಗ್ ಹೋದ್ರೂ ಸಪ್ಪಳ, ಫೇಸ್ ಹೋದ್ರೂ ಸಪ್ಪಳ. ಯಾವ ಸಪ್ಪಳ ಅಂತ ಬರೀಬೇಕಲ್ಲವಾ? ಗುಂಯ್ ಅಂದಿದ್ರ ಮೊದಲು ಬಂದ್ ಮಾಡ್ರಿ ಅಂತ ಫೋನಿನಾಗ ಹೇಳತಿದ್ದೆ.”

ಅವತ್ತು ರಾತ್ರಿ ಆ ‘ನಾಯ್ಸ್’ ಮೇಲೆ ಸಿಟ್ಟು ಬಂದು ನಿಘಂಟು ನೋಡಿದೆ. ಪದ ಇಂಗ್ಲಿಷಿಗೆ ಬಂದಿದ್ದು ಹಳೆಯ ಫ್ರೆಂಚ್‌ನಿಂದ. ಅಲ್ಲಿ ಅದಕ್ಕೆ ಸದ್ದು ಅಂತಲೂ ಅರ್ಥ, ಜಗಳ ಅಂತಲೂ ಅರ್ಥ. ನಮ್ಮ ‘ಗಲಾಟೆ’ ಇದ್ದ ಹಾಗೆಯೇ, ಅಲ್ವಾ? ಕಾಲು ಕೆರೆದು ಜಗಳಕ್ಕೆ ಹೋಗುವುದಕ್ಕೆ ಫ್ರೆಂಚರು ಈಗಲೂ ಈ ಪದ ಸೇರಿಸಿ ಒಂದು ಮಾತು ಹೇಳುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್‌ನ ‘ನಾಸಿಯಾ’ ಅನ್ನುತ್ತಾರೆ ಹೆಚ್ಚಿನ ಪಂಡಿತರು. ಹಡಗಿನಲ್ಲಿ ಹೋಗುವವರಿಗೆ ಬರುವ ಹೊಟ್ಟೆ ತೊಳಸು ಅದು. ಅದರ ಬೇರು ಗ್ರೀಕರ ‘ನೌಸ್’, ಅಂದರೆ ಹಡಗು. ನಾವು ಸಂಸ್ಕೃತದಿಂದ ತಂದುಕೊಂಡ ‘ನೌಕೆ’ ಅದಕ್ಕೆ ದಾಯಾದಿ. ವಾಂತಿಯಿಂದ ಅಸಹ್ಯಕ್ಕೆ, ಅಸಹ್ಯದಿಂದ ಜಗಳಕ್ಕೆ, ಜಗಳದಿಂದ ಸದ್ದಿಗೆ ಬಂದ ಪದ! ಈ ಸದ್ದು ನನಗೆ ಬೇಡ ಅನ್ನುವುದಷ್ಟೇ ಅದರಲ್ಲಿದೆ. ಸದ್ದು ಹೇಗಿದೆ ಅನ್ನುವುದು ಎಲ್ಲಿಯೂ ಇಲ್ಲ.

ನನಗೆ ಬೇಕಿದ್ದ ಪದ ‘ಹಮ್’. ಅದು ಸದ್ದನ್ನು ಕೇಳಿ ಹಾಗೆಯೇ ಹುಟ್ಟಿದ ಪದ. ನಮ್ಮ ಗುಂಯ್ ಕೂಡ ಅದೇ ಜಾತಿ, ಶಾಲೆಯಲ್ಲಿ ಅನುಕರಣಾವ್ಯಯ ಅಂತ ಉರು ಹೊಡೆದದ್ದು. ನಮ್ಮ ಕರೆಂಟ್ 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಸುತ್ತು. ಪ್ರತಿ ಸುತ್ತಿಗೆ ಎರಡು ಸಲ ಅಯಸ್ಕಾಂತದ ಎಳೆತ ಏರಿ ಇಳಿಯುತ್ತದೆ, ಹೀಗಾಗಿ ಮೋಟಾರಿನ ಕಬ್ಬಿಣ ಸೆಕೆಂಡಿಗೆ 100 ಸಲ ನಡುಗುತ್ತದೆ. ಆ ನಡುಕವೇ ಗುಂಯ್. ಓದದೇ ಇದ್ದ ರೈತರು ಸರಿಯಾಗಿಯೇ ಹೇಳಿದ್ದರು. ಕೆಡಿಸಿದ್ದು ಓದಿದ ನಾನು.

ಈಗ ಷರಾ ಅನ್ನುವ ಜಾಗದಲ್ಲಿ ರೈತರ ಮಾತನ್ನು ಕನ್ನಡದಲ್ಲೇ ಇದ್ದ ಹಾಗೆ ಹೊಡೆಯುತ್ತೇನೆ. ಹೋದ ವಾರ ಬರೆದದ್ದು: “ಪಂಪಿನೊಳಗ ಹಳ್ಳು ಹಾಕಿ ಅಳ್ಳಾಡಿಸಿದಂಗ ಆಗತೈತಿ, ನೀರು ಕಡಿಮಿ.” ಮೆಕ್ಯಾನಿಕ್ ಓದಿ ಕುಳಿತಲ್ಲಿಂದಲೇ ಫೋನ್ ಹಚ್ಚಿದರು. ನೀರೊಳಗಿನ ಪೈಪಿನ ತುದಿಗಿರುವ ಫುಟ್‌ವಾಲ್ವಿನ ಜಾಳಿಗೆಗೆ ಕಸ ಕಟ್ಟಿರಬೇಕು, ನೋಡ್ರಿ ಅಂದರು. ಹಾಗೆಯೇ ಆಗಿತ್ತು. ಎಲೆ ತೆಗೆದ ಮೇಲೆ ನೀರು ಬಂತಂತೆ.

ಆ ದೂರಿನಲ್ಲೂ ಮೇಲಿನ ಸಾಲಿನಲ್ಲಿ ‘ನಾಯ್ಸ್’ ಅಂತಲೇ ಇದೆ. ಸಾಫ್ಟ್‌ವೇರ್‌ನಲ್ಲಿ ಸಪ್ಪಳಕ್ಕೆ ಇರುವುದು ಅದೊಂದೇ ಆಯ್ಕೆ.