ಸಂಘ ಆಮೇಲೆ, ಮೊದಲು ಸೋದರತ್ತೆ ಮನೆಗೆ ಹೋಗಿ

ಮಂಡ್ಯದಲ್ಲಿ ನಾವೊಂದಷ್ಟು ಜನ ಮನೆತನಗಳ ಕಥೆ ಬರೆದಿಡಲು ಶುರುಮಾಡಿದ ಮೇಲೆ, ಮದುವೆಗೆ ಹೋಗಲಿ ತಿಥಿಗೆ ಹೋಗಲಿ, ಒಂದೇ ಪ್ರಶ್ನೆ: "ನಮ್ಮೂರಲ್ಲೂ ಇಂಥ ಸಂಘ ಮಾಡ್ಬೇಕಲ್ಲ, ಎಲ್ಲಿಂದ ಶುರು ಮಾಡೋದು?"

ಸಂಘ ಸುಲಭ. ಏಳು ಜನ ಸಿಕ್ಕರೆ ನೋಂದಣಿ ಮಾಡಿಸಬಹುದು. ಅಧ್ಯಕ್ಷರು ಯಾರೆಂಬ ಜಗಳ ಬೇಡವೆನಿಸಿದರೆ ಯಾರದಾದರೂ ಜಗಲಿಯೇ ಸಾಕು. ನಾನು ಹೇಳುವುದು ಬೇರೆ: ಮದುವೆಯಾಗಿ ಬೇರೆ ಊರಿಗೆ ಹೋದ ನಿಮ್ಮ ಮನೆಯ ಹಿರಿಯ ಹೆಣ್ಣುಮಗಳಿಂದ ಶುರುಮಾಡಿ.

ಎಲ್ಲರೂ ಮೊದಲು ಓಡುವುದು ವಂಶಾವಳಿಗೆಂದು ನಾಡಕಚೇರಿಗೆ. ಆ ಕಾಗದ ಬೇಕಾಗುವುದೇ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಇಲ್ಲವೇ ಭಾಗಕ್ಕೆ. ಜಮೀನು ಯಾರಿಂದ ಯಾರಿಗೆ ಎಂಬುದಷ್ಟೇ ಅದರ ಚಿಂತೆ. ಹೆಣ್ಣುಮಕ್ಕಳ ಹೆಸರೇ ಇಲ್ಲದ ಹಳೆಯ ವಂಶಾವಳಿಗಳು ನಮ್ಮ ಕೈಗೆ ಎಷ್ಟೋ ಬಂದಿವೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬರುತ್ತಿದ್ದ ಹೆಳವರು ತಲೆಮಾರುಗಳನ್ನೇ ಬಾಯಲ್ಲಿ ಹೇಳಿ ಕಾಳು ಪಡೆಯುತ್ತಿದ್ದರು. ಆ ನೆನಪಿನ ಶಕ್ತಿಗೆ ಕೈಮುಗಿಯಬೇಕು. ಆದರೆ ಅದೂ ಬಹುಪಾಲು ಗಂಡಸರ ಸಾಲೇ.

ನಮ್ಮಜ್ಜನ ತಂಗಿಯನ್ನು ಕೇಳಿದಾಗ ಅವರು ಅವರೆಕಾಯಿ ಸುಲಿಯುತ್ತಲೇ, "ನಮ್ಮವ್ವನ ತವರು ನೀರೊಳಗದೆ ಕಣಪ್ಪ" ಅಂದರು. ಕನ್ನಂಬಾಡಿ ಕಟ್ಟೆಯಲ್ಲಿ ಮುಳುಗಿದ ಹಳೇ ಕನ್ನಂಬಾಡಿ ಊರು. 1911ರಲ್ಲಿ ಶುರುವಾದ ಆ ಕಟ್ಟೆಯಿಂದ ನಮ್ಮ ಗದ್ದೆಗೆ ನಾಲೆ ಬಂತು ಎಂಬ ಹೆಮ್ಮೆಯನ್ನಷ್ಟೇ ನಾನು ಕೇಳಿ ಬೆಳೆದವನು. ಅದೇ ನೀರಿನಡಿ ನಮ್ಮ ಮುತ್ತಜ್ಜಿ ಹುಟ್ಟಿದ ಮನೆಯಿದೆ ಎಂದು ಯಾವ ಪಹಣಿ ಹೇಳುತ್ತದೆ?

ಇಸವಿ ಕೇಳಿ ಪೀಡಿಸಬೇಡಿ. ಧಾತು ಬರ, ಪ್ಲೇಗು, ಕಟ್ಟೆ ಕಟ್ಟಿದ್ದು, ಇವೇ ಅವರ ಕ್ಯಾಲೆಂಡರು. ಹುಷಾರು: ಧಾತು ಎಂದರೆ 1876–78ರ ಬರವೂ ಇರಬಹುದು, 60 ವರ್ಷಕ್ಕೆ ತಿರುಗಿ 1936ರಲ್ಲಿ ಬಂದ ಧಾತು ಸಂವತ್ಸರವೂ ಇರಬಹುದು. ಇದನ್ನು ಗಮನಿಸದೆ ನಾವೊಮ್ಮೆ ಅಜ್ಜಿಯನ್ನು ಮೊಮ್ಮಗಳಿಗಿಂತ ಚಿಕ್ಕವಳು ಮಾಡಿಬಿಟ್ಟಿದ್ದೆವು! ಹಾಗೆಯೇ, ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಹಿಂದಿನ ಕಾಗದಗಳನ್ನು ಮೈಸೂರು ಜಿಲ್ಲೆಯ ಹೆಸರಿನಲ್ಲಿ ಹುಡುಕಿ.

ಅತ್ತೆಗೆ ಎಂಬತ್ತು ದಾಟಿದ್ದರೆ ಈ ಭಾನುವಾರವೇ ಹೊರಡಿ. ರಸೀದಿ ಪುಸ್ತಕ ಆಮೇಲೆ ಅಚ್ಚು ಹಾಕಿಸುವಿರಂತೆ.