ಚಿಕ್ಕಪ್ಪ ಕೇಳುತ್ತಿದ್ದ ಬದಿ

ಚಿಕ್ಕಪ್ಪ ಹೋದ ಮೇಲೆ ಅವರ ರೆಕಾರ್ಡುಗಳ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಮೂರು ತಿಂಗಳು ಅದನ್ನು ತೆರೆಯುವ ಧೈರ್ಯವೇ ಆಗಲಿಲ್ಲ.

ಮೊದಲು ಕೈಗೆ ಸಿಕ್ಕಿದ್ದು ಸರೋದ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ಅಲಿ ಅಕ್ಬರ್ ಖಾನ್ ಅವರ ಎಲ್‌ಪಿ, ಅಂದರೆ ಲಾಂಗ್ ಪ್ಲೇ ರೆಕಾರ್ಡು. ಗೊತ್ತಿಲ್ಲದೆ 45ರ ವೇಗಕ್ಕೆ ಇಟ್ಟುಬಿಟ್ಟೆ. ಸರೋದ್ ಕೀರಲು ದನಿಯಲ್ಲಿ ಓಡತೊಡಗಿತು. ಎಲ್‌ಪಿ ತಿರುಗಬೇಕಾದ್ದು ನಿಮಿಷಕ್ಕೆ 33⅓ ಸುತ್ತು ಅಲ್ವಾ, ಸರಿಮಾಡಿದೆ. ಆಲಾಪ ನಿಧಾನವಾಗಿ ಬಿಚ್ಚಿಕೊಂಡಿತು.

ಸರೋದ್‌ಗೆ ಸಿತಾರ್‌ನ ಹಾಗೆ ಮೆಟ್ಟಿಲುಗಳಿಲ್ಲ, ಅಂದರೆ ತಂತಿಯ ಕೆಳಗೆ ಸ್ವರಗಳನ್ನು ಬೇರೆ ಮಾಡುವ ಅಡ್ಡಪಟ್ಟಿಗಳಿಲ್ಲ. ನುಣುಪಾದ ಲೋಹದ ಪಟ್ಟಿಯ ಮೇಲೆ ತಂತಿಯನ್ನು ಒತ್ತಿ ಬೆರಳು ಜಾರಿಸುತ್ತಾರೆ. ಅದಕ್ಕೇ ಒಂದು ಸ್ವರ ಇನ್ನೊಂದರೊಳಗೆ ಕರಗಿದಂತೆ ಕೇಳುತ್ತದೆ. ಆಮೇಲೆ ಬರುವ ಮೌನವೂ ಸಂಗೀತವೇ ಅನ್ನಿಸಿತು. ಇಷ್ಟು ವರ್ಷ ಇದನ್ನು ಬರೀ 'ಚಿಕ್ಕಪ್ಪನ ಕೋಣೆಯ ಸದ್ದು' ಅಂದುಕೊಂಡಿದ್ದೆ. ಪಕ್ಕದಲ್ಲಿ ಒಂದು ದಿನ ಸುಮ್ನೆ ಕೂರಬಹುದಿತ್ತು.

ಒಂದು ಬದಿ ಸುಮಾರು 20 ನಿಮಿಷ. ಮುಗಿದರೆ ಎದ್ದು ಮಗುಚಬೇಕು. ಎರಡನೇ ಬದಿಯಲ್ಲಿ ಗೀರು ಜಾಸ್ತಿ. ಅವರು ಮತ್ತೆಮತ್ತೆ ಕೇಳಿದ್ದು ಅದೇ ಇರಬೇಕು. ತಬಲಾ ಸೇರುವ ಸ್ವಲ್ಪ ಮುಂಚೆ ಸೂಜಿ ಟಕ್ ಅನ್ನುತ್ತದೆ. ಈಗ ನಾನು ಆ ಸದ್ದಿಗೂ ಕಾಯುತ್ತೇನೆ.